ಎಂಟು ವಾರದ ಕುಂಬಾರಿಕೆ ತರಗತಿ: ಮೈಯೆಲ್ಲಾ ಮಣ್ಣು

14 ವರ್ಷ ಲೆಕ್ಕಪತ್ರ ನೋಡಿ ನೋಡಿ ತಲೆ ಚಿಟ್ಟು ಹಿಡಿದು ಈ ಸಂಜೆ ತರಗತಿಗೆ ಸೇರಿದೆ. ಮೊದಲ ಮೂರು ವಾರ ಮಣ್ಣಿನ ಮುದ್ದೆಯನ್ನು ಚಕ್ರದ ನಡುವಿಗೆ ತರೋದೇ ಆಯ್ತು. ಮೊಣಕೈಯನ್ನು ತೊಡೆಗೆ ಒತ್ತಿ ಹಿಡಿಯದಿದ್ದರೆ ಮುದ್ದೆ ಕುಣಿಯುತ್ತೆ, ಪಾತ್ರೆಯ ಗೋಡೆ ಒಂದು ಕಡೆ ತೆಳುವಾಗಿ ಕುಸಿಯುತ್ತೆ. ಹೇಳಿಕೊಡುವವರು ಕೈ ಹಿಡಿದು ತಿದ್ದಲಿಲ್ಲ. ‘ಕಣ್ಣು ಮುಚ್ಚಿ ಮಾಡಿ’ ಅಂದರು, ಅಷ್ಟೇ. ಆಶ್ಚರ್ಯ, ಮುದ್ದೆ ನಿಂತಿತು!

ಬೇಸರ ಮಡಕೆ ಸುಡುವ ಗೂಡಿನದ್ದು. ಸುಮಾರು 1000 ಡಿಗ್ರಿಯ ಮೊದಲ ಸುಡುವಿಕೆಯಲ್ಲೇ ನನ್ನ ಎರಡು ಬಟ್ಟಲು ಸಿಡಿದವು. ದಪ್ಪ ತಳದಲ್ಲಿ ಉಳಿದ ತೇವ ಆವಿಯಾಗಿ ಬಟ್ಟಲು ಒಡೆಯುತ್ತೆ ಅಂತ ಮೊದಲೇ ಹೇಳಬಾರದಿತ್ತೇ? ಬದುಕುಳಿದ ಲೋಟ ಸುಟ್ಟು ಕುಗ್ಗಿದೆ, ಪೆನ್ನಿಡೋಕೆ ಸರಿ.

ರಾಜೀನಾಮೆ ಕೊಟ್ಟಿಲ್ಲ, ಕೆಲಸವನ್ನು ವಾರಕ್ಕೆ ನಾಲ್ಕು ದಿನಕ್ಕೆ ಇಳಿಸಿಕೊಂಡೆ. ಐದನೇ ದಿನ ಚಕ್ರದ ಮುಂದೆ. ಮುಂದಿನ ತಂಡಕ್ಕೂ ಹೆಸರು ಕೊಟ್ಟಾಗಿದೆ.