ಪ್ಲಿಂಕ್‌ನ ‘ಹೋಮೋಜಿಗ್’ ಆದೇಶ: ಲೆಕ್ಕ ಚುರುಕು, ಅಳತೆಗೋಲು ಮನುಷ್ಯರದು

ಪಶುತಳಿ ವಿಭಾಗದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ನಾನು ಆರು ವರ್ಷಗಳಿಂದ, ಡಿಎನ್‌ಎ ದತ್ತಾಂಶವನ್ನು ವಿಶ್ಲೇಷಿಸುವ ಪ್ಲಿಂಕ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಅದರ ‘ಹೋಮೋಜಿಗ್’ ಎಂಬ ಒಂದೇ ಆದೇಶದ ಬಗ್ಗೆ ಇಲ್ಲಿ ಬರೆಯುತ್ತೇನೆ; ಉಳಿದ ಸೌಲಭ್ಯಗಳ ಗೊಡವೆಗೆ ಹೋಗುವುದಿಲ್ಲ. ಶಾನ್ ಪರ್ಸೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಈ ತಂತ್ರಾಂಶವನ್ನು ಕ್ರಿಸ್ಟೋಫರ್ ಚಾಂಗ್ ಮೊದಲಾದವರು ಬಹುಪಾಲು ಹೊಸದಾಗಿ ಬರೆದು ವೇಗ ಹೆಚ್ಚಿಸಿದರು. ನನ್ನ ಬಳಿ ಇರುವುದು ಆ 1.9 ಆವೃತ್ತಿ. ಕಾಸು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ; ಆದರೆ ಮೌಸ್ ಒತ್ತಿ ಕೆಲಸ ಮುಗಿಸುವಂತಿಲ್ಲ, ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು.

ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಒಬ್ಬರೇ ಪೂರ್ವಜರ ವರ್ಣತಂತುವಿನ ತುಣುಕು ಇಳಿದು ಬಂದಾಗ, ಮಗುವಿನಲ್ಲಾಗಲಿ ಕರುವಿನಲ್ಲಾಗಲಿ ಆ ಭಾಗದುದ್ದಕ್ಕೂ ಎರಡು ಪ್ರತಿಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಇಂತಹ ಉದ್ದನೆಯ ಪಟ್ಟಿಗಳನ್ನು ಆರ್‌ಒಎಚ್ (ರನ್ಸ್ ಆಫ್ ಹೋಮೋಜೈಗಾಸಿಟಿ) ಎನ್ನುತ್ತಾರೆ; ‘ಹೋಮೋಜಿಗ್’ ಹುಡುಕಿ ಅಳೆಯುವುದು ಇವನ್ನೇ. ಪ್ರತಿ ತಲೆಮಾರಿನಲ್ಲೂ ವರ್ಣತಂತುಗಳು ಒಡೆದು ಕೂಡಿಕೊಳ್ಳುವುದರಿಂದ, ಪೂರ್ವಜರು ಹಿಂದಕ್ಕೆ ಹೋದಷ್ಟೂ ಪಟ್ಟಿ ಗಿಡ್ಡವಾಗುತ್ತದೆ. ಐದು ತಲೆಮಾರಿನ ಹಿಂದಿನವರಿಂದ ಬಂದ ಪಟ್ಟಿ ಸರಾಸರಿ 10 ಸೆಂಟಿಮಾರ್ಗನ್ (ಈ ಒಡೆದು ಕೂಡುವಿಕೆಯ ಆಧಾರದ ಮೇಲೆ ವರ್ಣತಂತುವಿನ ದೂರ ಅಳೆಯುವ ಮಾನ) ಇದ್ದರೆ, ಇಪ್ಪತ್ತು ತಲೆಮಾರಿನ ಹಿಂದಿನವರದು 2.5ಕ್ಕೆ ಇಳಿದಿರುತ್ತದೆ. ಎಷ್ಟು ರಕ್ತ ಕೂಡಿದೆ ಎನ್ನುವುದರ ಜೊತೆಗೆ ಯಾವಾಗ ಕೂಡಿತು ಎನ್ನುವುದನ್ನೂ ಹೇಳುವುದು ಈ ವಿಧಾನದ ಹೆಚ್ಚುಗಾರಿಕೆ.

ಮೊದಲ ಪರೀಕ್ಷೆಯನ್ನು ನನ್ನ ಮೇಲೆಯೇ ಮಾಡಿಕೊಂಡೆ. ನಮ್ಮ ತಾಯಿ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಇದು ನಮ್ಮ ಕಡೆ ಅಪರೂಪದ ಸಂಗತಿಯೇನಲ್ಲ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ನವಜಾತ ಶಿಶುಗಳ ತಪಾಸಣೆಯೊಂದಿಗೆ ನಡೆದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದರಷ್ಟು ಮದುವೆಗಳು ರಕ್ತಸಂಬಂಧದವಾಗಿದ್ದವು. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟಿದ ಮಗುವಿನಲ್ಲಿ ಇಂತಹ ಪಟ್ಟಿಗಳು 12.5 ಪ್ರತಿಶತ ಇರಬೇಕೆಂಬುದು ಪುಸ್ತಕದ ಲೆಕ್ಕ. ಲಿಂಗ ವರ್ಣತಂತುಗಳನ್ನು ಬಿಟ್ಟ ಮಾನವ ಜೀನೋಮನ್ನು ಸುಮಾರು 26.7 ಲಕ್ಷ ಕಿಲೋಬೇಸ್ (ಒಂದು ಕಿಲೋಬೇಸ್ ಎಂದರೆ ಸಾವಿರ ಡಿಎನ್‌ಎ ಅಕ್ಷರ) ಎಂದು ಹಿಡಿದರೆ, ನನ್ನ ಪಾಲಿಗೆ 3.3 ಲಕ್ಷದ ಆಸುಪಾಸು ಬರಬೇಕಿತ್ತು. ಆದೇಶ ಕೊಟ್ಟು ಲೋಟ ಎತ್ತುವಷ್ಟರಲ್ಲಿ ಫಲಿತಾಂಶದ ಕಡತ ಸಿದ್ಧವಾಗಿತ್ತು: ಎಷ್ಟು ತುಣುಕು, ಒಟ್ಟು ಉದ್ದ, ಸರಾಸರಿ ಉದ್ದ, ಅಷ್ಟೇ. ಒಟ್ಟು ಉದ್ದ ಪುಸ್ತಕದ ಲೆಕ್ಕವನ್ನು ದಾಟಿತ್ತು. ಒಂದೇ ತಾಯಿಯ ಮಕ್ಕಳಲ್ಲೂ ಈ ಸಂಖ್ಯೆ ಏರುಪೇರಾಗುವುದು ಸಹಜವಾದರೂ, ಜೊತೆಗಿದ್ದ ಗಿಡ್ಡ ತುಣುಕುಗಳ ರಾಶಿ ಬೇರೆ ಕಾರಣವನ್ನೂ ಸೂಚಿಸಿತು. ಹೆಣ್ಣು ಕೊಟ್ಟು ತರುವುದು ಅದೇ ನಾಲ್ಕು ಮನೆಗಳಲ್ಲಿ ಹಿಂದಿನಿಂದಲೂ ನಡೆದಿತ್ತು; ಅಜ್ಜಿಗೆ ನೆನಪಿದ್ದ ವಂಶಾವಳಿ ಅಲ್ಲಿಯವರೆಗೆ ಹೋಗಿರಲಿಲ್ಲ. ಮಾನವ ಚಿಪ್‌ನ (ಡಿಎನ್‌ಎಯಲ್ಲಿ ವ್ಯತ್ಯಾಸ ಕಾಣುವ ಆಯ್ದ ಜಾಗಗಳನ್ನಷ್ಟೇ, ಅಂದರೆ ಗುರುತುಗಳನ್ನು, ಓದುವ ಸಾಧನ) ದತ್ತಾಂಶಕ್ಕೆ ಈ ಆದೇಶ ಹೇಳಿ ಮಾಡಿಸಿದಂತಿದೆ ಎಂದು ನಿಸ್ಸಂಕೋಚವಾಗಿ ಹೇಳಬಲ್ಲೆ.

ದನಗಳ ವಿಷಯಕ್ಕೆ ಬಂದರೆ ಮಾತು ಬೇರೆ. ಮೊದಲ ದಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಹಸುಗಳ ಕಡತವನ್ನು ಹಾಗೆಯೇ ಕೊಟ್ಟಾಗ, 27ನೇ ವರ್ಣತಂತು ಮನುಷ್ಯರಲ್ಲಿ ಸಲ್ಲದು ಎಂದು ತಂತ್ರಾಂಶ ತಿರುಗಿ ಬಿತ್ತು. ತಪ್ಪು ನನ್ನದೇ, ‘ಕೌ’ ಎಂಬ ಸೂಚನೆ ಸೇರಿಸಿದರೆ 29 ಜೋಡಿಗಳನ್ನೂ ಒಪ್ಪಿಕೊಳ್ಳುತ್ತದೆ. ನಿಜವಾದ ತೊಡಕು ಇಷ್ಟು ಸುಲಭವಾಗಿ ಬಾಯಿ ಬಿಡುವುದಿಲ್ಲ. ನಾವೇನೂ ಹೇಳದಿದ್ದರೆ ಈ ಆದೇಶ ಕನಿಷ್ಠ 1,000 ಕಿಲೋಬೇಸ್ ಉದ್ದವಿದ್ದು ಕನಿಷ್ಠ 100 ಗುರುತುಗಳನ್ನು ಒಳಗೊಂಡ ಪಟ್ಟಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹಸುಗಳಿಗೆ ಸಾಮಾನ್ಯವಾಗಿ ಬಳಸುವ ಚಿಪ್‌ನಲ್ಲಿ ಸುಮಾರು 54,000 ಗುರುತುಗಳಿದ್ದು, ಅವನ್ನು 25 ಲಕ್ಷ ಕಿಲೋಬೇಸಿನ ಮೇಲೆ ಹರಡಿದರೆ ಒಂದಕ್ಕೊಂದು 46 ಕಿಲೋಬೇಸ್ ಅಂತರ ಬರುತ್ತದೆ. ಅಂದರೆ 100 ಗುರುತು ಕೂಡಲು 4,600 ಕಿಲೋಬೇಸ್ ಬೇಕು. 1,000 ಎಂಬ ಮಿತಿ ಹೆಸರಿಗಷ್ಟೇ ಉಳಿಯುತ್ತದೆ. ಇದರ ಮೇಲೆ, 50 ಕಿಲೋಬೇಸಿಗೆ ಒಂದಾದರೂ ಗುರುತು ಇರಬೇಕೆಂಬ ಸಾಂದ್ರತೆಯ ಷರತ್ತು ಬೇರೆ ಇದೆ. ಗುರುತುಗಳು ಕೊಂಚ ವಿರಳವಾಗಿರುವ ಕಡೆ ಅದು ನಿಜವಾದ ಪಟ್ಟಿಗಳನ್ನೂ ಬದಿಗೆ ತಳ್ಳುತ್ತದೆ. ಹಳೆಯ ಕಾಲದ ರಕ್ತಸಂಬಂಧವೆಲ್ಲ ಹೀಗೆ ಸದ್ದಿಲ್ಲದೆ ಅಳಿಸಿಹೋಗಿ, ಹಿಂಡಿನ ಒಳಸಂಬಂಧ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ನಾನು ಗುರುತುಗಳ ಸಂಖ್ಯೆ ಇಳಿಸಿ, ಸಾಂದ್ರತೆಯ ಷರತ್ತು ಸಡಿಲಿಸಿ ಮತ್ತೆ ಓಡಿಸಿದಾಗ ಅದೇ ಹಸುಗಳ ಸಂಖ್ಯೆಗಳು ಮೇಲೇರಿದವು.

ಎಚ್‌ಎಫ್ ತಳಿಗೆ ಇದು ಸಣ್ಣ ಮಾತಲ್ಲ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋರಿಯ ರಕ್ತ ಜಗತ್ತಿನ ಹೋಲ್‌ಸ್ಟೀನ್ ಹಸುಗಳಲ್ಲೆಲ್ಲ ಹರಡಿದೆ. ಅದರ ಮೂಲಕ ಬಂದ ಎಪಿಎಎಫ್1 ಜೀನಿನ ದೋಷ ಎರಡೂ ಕಡೆಯಿಂದ ಕೂಡಿದರೆ ಭ್ರೂಣ ಉಳಿಯುವುದಿಲ್ಲ. ಹಾಗೆ ಸತ್ತ ಕರು ನಮ್ಮ ಕಡತಕ್ಕೆ ಬರುವುದೂ ಇಲ್ಲ. ಬದುಕಿ ಉಳಿದವುಗಳ ಆರ್‌ಒಎಚ್ ಪಟ್ಟಿಗಳನ್ನಷ್ಟೇ ಕೊಡುವ ಈ ಆದೇಶದಿಂದ ಅಂತಹ ನಷ್ಟವನ್ನು ನೇರವಾಗಿ ಕಾಣಲಾಗದು. ಇದನ್ನು ತಂತ್ರಾಂಶದ ಕುಂದು ಎನ್ನಲಾರೆ, ಬಳಸುವವರಿಗೆ ತಿಳಿದಿರಬೇಕು.

ಕಾಡುಪ್ರಾಣಿಗಳಲ್ಲಿ ಚಿಪ್ ಬಿಟ್ಟು ಪೂರ್ತಿ ಜೀನೋಮನ್ನೇ ಓದುವುದುಂಟು. ಬೆಂಗಳೂರಿನ ಎನ್‌ಸಿಬಿಎಸ್‌ನ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರ 2021ರ ಅಧ್ಯಯನ, ರಣಥಂಬೋರಿನ ಒಂಟಿಬಿದ್ದ ಹುಲಿಗಳಲ್ಲಿ ಒಳಸಂಬಂಧ ಹೆಚ್ಚಿರುವುದನ್ನು ತೋರಿಸಿದ್ದು ಅಂತಹ ದತ್ತಾಂಶದಿಂದಲೇ. ಅಲ್ಲಿ ಗುರುತುಗಳ ಬರ ಇರುವುದಿಲ್ಲ, ಓದಿನ ತಪ್ಪುಗಳ ಕಾಟ ಇರುತ್ತದೆ: ಒಮ್ಮೆಗೆ ನೋಡುವ 50 ಗುರುತುಗಳ ಕಿಟಕಿಯಲ್ಲಿ ಒಂದೇ ವ್ಯತ್ಯಾಸವನ್ನು ಮನ್ನಿಸುವ ಪ್ಲಿಂಕ್‌ನ ಮೂಲ ನಿಯಮವನ್ನು ಬದಲಿಸದಿದ್ದರೆ, ಉದ್ದನೆಯ ಪಟ್ಟಿ ನಡುನಡುವೆ ತುಂಡಾಗಿ, ನಿನ್ನೆ ಮೊನ್ನೆಯ ಸಂಬಂಧ ಹಳೆಯದರಂತೆ ಕಾಣಬಹುದು.

ಆದೇಶಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದದ್ದು ಬರೀ ಒಂದು, ಯಾಕೆಂದರೆ ‘ಕೌ’ ಎಂದು ಬರೆದ ಮೇಲೂ ಅಳತೆಗೋಲು ಮಾತ್ರ ಮನುಷ್ಯರದೇ ಉಳಿಯುತ್ತದೆ, ಆ ಬಗ್ಗೆ ಎಚ್ಚರಿಕೆಯೂ ಬರುವುದಿಲ್ಲ. ಪ್ರತಿ ಬಾರಿಯೂ ಅದು ತಾನಾಗಿ ಬರೆದಿಡುವ ಲಾಗ್ ಕಡತದಲ್ಲಿ ನಾವು ಕೊಟ್ಟ ಸೂಚನೆಗಳೆಲ್ಲ ದಾಖಲಾಗಿರುತ್ತವೆ. ಯಾರಾದರೂ ತಮ್ಮ ಹಿಂಡಿನ ಒಳಸಂಬಂಧ ಇಷ್ಟು ಪ್ರತಿಶತ ಎಂದು ಕಳುಹಿಸಿದರೆ, ಆ ಕಡತವನ್ನೂ ಕಳುಹಿಸಿ ಎಂದು ನಾನು ಈಗ ಮೊದಲೇ ಕೇಳುತ್ತೇನೆ.