ತಪ್ಪಿದ ದಿನ ಏನಾಗುತ್ತೆ? ಎರಡು ಚಾಲೆಂಜು, ಎರಡು ವೆಬ್‌ಸೈಟು

ಚಾಮುಂಡಿ ಬೆಟ್ಟಕ್ಕೆ ಗೆಳೆಯರ ಜೊತೆ ಮೆಟ್ಟಿಲು ಹತ್ತಿ ಹೋದವನು ನಂದಿ ಕಣ್ಣಿಗೆ ಬೀಳೋ ಮೊದಲೇ ಕೂತುಬಿಟ್ಟಿದ್ದೆ. ಆಗ ನಾನು ಬಿ.ಇ. ಕೊನೇ ವರ್ಷ. ಮೈಯಲ್ಲಿ ಉಸಿರಿಲ್ಲ, ಪ್ಲೇಸ್‌ಮೆಂಟಿಗೆ ತೋರಿಸೋಕೆ ನನ್ನ ಕೆಲಸಗಳ ಪೋರ್ಟ್‌ಫೋಲಿಯೊ ಸೈಟೂ ಇಲ್ಲ. ಒಂದು ಫಿಟ್‌ನೆಸ್ ಚಾಲೆಂಜ್ ಹಿಡಿಯೋದು, ಅದರ ಲೆಕ್ಕವನ್ನು ಸೈಟಿನಲ್ಲೇ ಹಾಕೋದು, ಎರಡೂ ಒಟ್ಟಿಗೆ ಮುಗಿಯಲಿ ಅಂತ ಹೊರಟೆ. ಕೊನೆಗೆ ಆದದ್ದು ಎರಡು ಚಾಲೆಂಜು, ಎರಡು ಸೈಟು.

ಮೊದಲು ಹಿಡಿದದ್ದು 75 ಹಾರ್ಡ್, 75 ದಿನದ ಚಾಲೆಂಜು. ಅಮೆರಿಕದ ಆಂಡಿ ಫ್ರಿಸೆಲ್ಲಾ 2019ರಲ್ಲಿ ಶುರುಮಾಡಿದ್ದು. ದಿನಕ್ಕೆ 45 ನಿಮಿಷದ ವ್ಯಾಯಾಮ ಎರಡು ಸಲ, ಅದರಲ್ಲಿ ಒಂದು ಬಯಲಿನಲ್ಲೇ ಆಗಬೇಕು. ಒಂದು ಗ್ಯಾಲನ್, ಅಂದರೆ 3.8 ಲೀಟರಿನಷ್ಟು ನೀರು. ಯಾವುದಾದರೂ ಒಂದು ಪಥ್ಯ, ಕದ್ದು ತಿನ್ನೋ ಹಾಗಿಲ್ಲ, ಮದ್ಯ ಇಲ್ಲ. ಕಥೆ-ಕಾದಂಬರಿ ಅಲ್ಲದ ಪುಸ್ತಕದ ಹತ್ತು ಪುಟ. ದಿನಾ ನಮ್ಮದೇ ಒಂದು ಫೋಟೊ. ಇದರಲ್ಲಿ ಒಂದು ತಪ್ಪಿದರೂ ಮತ್ತೆ ಒಂದನೇ ದಿನದಿಂದ ಶುರು. ನಾನು ಎರಡು ಲೀಟರಿನ ದೊಡ್ಡ ಬಾಟಲಿ ತಂದೆ, ಸಿಹಿ ಮುಟ್ಟಲ್ಲ ಅಂತ ಪಥ್ಯ ಬರೆದುಕೊಂಡೆ.

ನಿಜ ಹೇಳಬೇಕಂದರೆ ಮೊದಲ ಎರಡು ವಾರ ಮಜವಾಗಿತ್ತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬಿರುಸು ನಡಿಗೆ, ಸಂಜೆ ರೂಮಿನಲ್ಲಿ ದಂಡ-ಬಸ್ಕಿ. 23ನೇ ದಿನ ನಂಜನಗೂಡಿನಲ್ಲಿ ಚಿಕ್ಕಪ್ಪನ ಮಗುವಿನ ನಾಮಕರಣ. ಎಲೆಗೆ ಒಬ್ಬಟ್ಟು ಬಡಿಸೋಕೆ ಬಂದರೆ ಕೈ ಅಡ್ಡ ಹಿಡಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ, 'ಯಾಕಪ್ಪಾ, ಶುಗರ್ ಬಂತಾ ನಿಂಗೆ?' ಅಂದರು. ಪಂಕ್ತಿಯೆಲ್ಲ ತಿರುಗಿ ನೋಡಿತು. ಅಷ್ಟು ಮರ್ಯಾದೆ ಕಳಕೊಂಡು ಪಥ್ಯ ಉಳಿಸಿಕೊಂಡವನು, ಮನೆಗೆ ಬಂದು ಪುಸ್ತಕ ಓದುತ್ತಾ ಹಾಗೇ ನಿದ್ದೆ ಹೋದೆ. ಫೋಟೊ ತೆಗೆದಿರಲಿಲ್ಲ. ಬೆಳಗ್ಗೆ ಲೆಕ್ಕ ಒಂದಕ್ಕೆ ಬಂದು ನಿಂತಿತ್ತು.

ಆ ಲೆಕ್ಕ ಊರಿಗೆಲ್ಲ ಕಾಣೋ ಹಾಗೆ ಸೈಟಿನಲ್ಲೂ ಇತ್ತಲ್ಲ! ಆ ಸೈಟು ಗೂಗಲ್ ಸೈಟ್ಸ್‌ನಲ್ಲಿ ಮಾಡಿದ್ದು. ಎಳೆದು ತಂದು ಇಡೋದು, ಬರೆಯೋದು, ಪಬ್ಲಿಷ್ ಒತ್ತೋದು, ಒಂದೇ ಸಂಜೆಯ ಕೆಲಸ. ದುಡ್ಡಿಲ್ಲ, ಕನ್ನಡ ಚೆನ್ನಾಗಿ ಕಾಣುತ್ತೆ, ಮೊಬೈಲಿಗೂ ತಾನೇ ಹೊಂದಿಕೊಳ್ಳುತ್ತೆ. ಆದರೆ ಪುಟದ ಹಿಂದಿನ ಕೋಡ್ ನಮ್ಮ ಕೈಗೆ ಸಿಗಲ್ಲ. ಬೇಕಾದ ಕಡೆ ಒಂದು ತುಂಡು ಕೋಡ್ ಅಂಟಿಸಬಹುದು, ಅಷ್ಟೆ. ಫೋಟೊಗ್ರಾಫರಿಗೋ ಮೇಷ್ಟ್ರಿಗೋ ಇದು ಧಾರಾಳ ಸಾಕು. ವೆಬ್ ಡೆವಲಪರ್ ಕೆಲಸ ಕೇಳೋಕೆ ಹೋಗೋನು ಇದನ್ನು ತೋರಿಸಿದರೆ, ಅಡುಗೆ ಭಟ್ಟರ ಕೆಲಸಕ್ಕೆ ಹೋಗಿ ಹೋಟೆಲಿನ ಪಾರ್ಸಲ್ ಬಿಚ್ಚಿಟ್ಟ ಹಾಗೆ.

ಹಾಗಾಗಿ ಎರಡನೇ ಸಲ ಎಚ್‌ಟಿಎಂಎಲ್ (ಪುಟದಲ್ಲಿ ಏನಿರಬೇಕು ಅನ್ನೋ ಕೋಡ್), ಸಿಎಸ್‌ಎಸ್ (ಅದು ಹೇಗೆ ಕಾಣಬೇಕು ಅನ್ನೋ ಕೋಡ್) ಕೈಯಾರೆ ಬರೆದು, ಸೈಟು ಇಡೋಕೆ ಜಾಗ ಕೊಡೋ ಗಿಟ್‌ಹಬ್ ಪೇಜಸ್‌ಗೆ ಏರಿಸಿದೆ. ರಿಪಾಸಿಟರಿ, ಅಂದರೆ ಸೈಟಿನ ಫೈಲುಗಳನ್ನಿಡೋ ಜಾಗ, ಸಾರ್ವಜನಿಕ ಆದರೆ ಇದೂ ಉಚಿತ. ಒಂದು ಸೈಟು 1 ಜಿಬಿ ಮೀರಬಾರದು ಅನ್ನೋದು ಮಿತಿ, ನನ್ನದು ಅದರ ಮೂಲೆಗೂ ಸಾಲದು. ಆದರೆ ಒಂದು ಸಂಜೆ ಅಂದುಕೊಂಡದ್ದು ಮೂರು ವಾರ ಹಿಡೀತು. ಲ್ಯಾಪ್‌ಟಾಪಿನಲ್ಲಿ ಚೆಂದ ಕಾಣುತ್ತಿದ್ದ ನನ್ನ ಫೋಟೊ ಏರಿಸಿದ ಮೇಲೆ ಖಾಲಿ ಚೌಕ. ಎರಡು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು: ಕ್ಯಾಮೆರಾದಿಂದ ಬಂದ ಫೈಲಿನ ಹೆಸರಿನ ಕೊನೆಯಲ್ಲಿ ದೊಡ್ಡಕ್ಷರದ ಜೆಪಿಜಿ, ನಾನು ಕೋಡಿನಲ್ಲಿ ಬರೆದದ್ದು ಚಿಕ್ಕಕ್ಷರದ್ದು. ವಿಂಡೋಸ್ ಎರಡನ್ನೂ ಒಂದೇ ಅಂದುಕೊಳ್ಳುತ್ತೆ, ಅಲ್ಲಿನ ಸರ್ವರ್ ಅಂದುಕೊಳ್ಳಲ್ಲ.

ಇನ್ನೊಂದು ಎಡವಟ್ಟು ಕನ್ನಡದಂಥ ಲಿಪಿಯಲ್ಲಿ ಸೈಟು ಮಾಡೋರಿಗೆ ಬರೋದು. ಎಲ್ಲಿಂದಲೋ ನಕಲು ಮಾಡಿದ ಇಂಗ್ಲಿಷ್ ಸೈಟಿನ ಸಿಎಸ್‌ಎಸ್‌ನಲ್ಲಿ ಶೀರ್ಷಿಕೆಯ ಲೈನ್-ಹೈಟ್, ಅಂದರೆ ಸಾಲಿನ ಎತ್ತರ, 1 ಇತ್ತು, ಚೌಕದಿಂದ ಹೊರಬಿದ್ದದ್ದನ್ನು ಮರೆಮಾಡು ಅಂತಲೂ ಇತ್ತು. ಇಂಗ್ಲಿಷಿಗೆ ಅದು ಸರಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತಲ್ಲ, ಅದೆಲ್ಲ ಕತ್ತರಿಸಿ ಹೋಗಿ 'ನಾನು ಕಟ್ಟಿದ್ದು' ಅನ್ನೋದು 'ನಾನು ಕಟಿದು' ಆಗಿತ್ತು. 1.6 ಮಾಡಿದ ಮೇಲೆ ಅಕ್ಷರಗಳು ಕಾಲು ಚಾಚಿಕೊಂಡವು.

ಆದರೂ ಇಷ್ಟವಾದದ್ದು ಇದೇ. ಏನೇ ಕೆಡಿಸಿದರೂ ಹಿಂದಿನ ಕಮಿಟ್‌ಗೆ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಗೆ, ಹೋಗಿ ನಿಲ್ಲಬಹುದು. ಒಂದು ಸಾಲು ತಪ್ಪಿದ್ದಕ್ಕೆ ಇಡೀ ಸೈಟನ್ನು ಒಂದನೇ ದಿನದಿಂದ ಕಟ್ಟು ಅಂತ ಯಾರೂ ಹೇಳಲ್ಲ.

ಓಟದಲ್ಲೂ ಅಂಥದ್ದೇ ಸಿಕ್ಕಿತು. ಕೌಚ್ ಟು 5ಕೆ, ಅಂದರೆ ಸೋಫಾದಿಂದೆದ್ದು ಐದು ಕಿಲೋಮೀಟರ್ ಓಡೋವರೆಗಿನ ಅಭ್ಯಾಸ, 1996ರಲ್ಲಿ ಜೋಶ್ ಕ್ಲಾರ್ಕ್ ರೂಪಿಸಿದ್ದು. ವಾರಕ್ಕೆ ಮೂರೇ ದಿನ, ಒಟ್ಟು ಒಂಬತ್ತು ವಾರ. ಮೊದಲ ವಾರ ಐದು ನಿಮಿಷ ನಡೆದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಇಷ್ಟೇನಾ ಅನ್ನಿಸಿತ್ತು. ಐದನೇ ವಾರದಲ್ಲಿ ಬಿಸಿ ಮುಟ್ಟಿತು. ಎರಡನೇ ದಿನ ಎಂಟೆಂಟು ನಿಮಿಷದ ಎರಡು ಓಟ, ಮಧ್ಯೆ ನಡಿಗೆ. ಮೂರನೇ ದಿನ ನಿಲ್ಲದೆ 20 ನಿಮಿಷ! 14ಕ್ಕೆ ಪಕ್ಕೆ ಹಿಡಿದು ನಿಂತೆ. ಮುಂದಿನ ವಾರ ಅದೇ ವಾರವನ್ನು ಮತ್ತೆ ಓಡಿದೆ, ಕಥೆ ಮುಗೀತು. ಹೀಗೆ ಅಲ್ಲಲ್ಲಿ ಮತ್ತೆ ಓಡಿ ಒಂಬತ್ತು ವಾರದ್ದು ನನಗೆ ಹನ್ನೆರಡಾಯಿತು.

75 ಹಾರ್ಡ್ ಮುಗಿಸಿದವರನ್ನು ಕಂಡರೆ ಗೌರವವಿದೆ. ಆದರೆ ಉಸಿರೇ ಇಲ್ಲದವನಿಗೆ ಅದು ವ್ಯಾಯಾಮಕ್ಕಿಂತ ವ್ರತ. ಓಡೋಕೆ ಕಲೀಬೇಕು ಅನ್ನೋರು ಕೌಚ್ ಟು 5ಕೆ ಹಿಡೀರಿ. ಸೈಟಿಗೆ ಬಂದರೆ, ಇಂಟರ್‌ವ್ಯೂ ಮುಂದಿನ ವಾರವೇ ಇದ್ದರೆ ಗೂಗಲ್ ಸೈಟ್ಸ್‌ನಲ್ಲಿ ಮುಗಿಸಿ, ತಿಂಗಳು ಸಮಯ ಇದ್ದರೆ ಕೈಯಾರೆ ಬರೀರಿ. ನನಗೆ ಇಂಟರ್‌ವ್ಯೂನಲ್ಲಿ ಬಂದ ಮೊದಲ ಪ್ರಶ್ನೆಯೇ ಸೈಟಿನಲ್ಲಿದ್ದ ಈ ಓಟದ ಲೆಕ್ಕದ ಪಟ್ಟಿ ಹೇಗೆ ಮಾಡಿದೆ ಅಂತ. '5ನೇ ವಾರ, 3ನೇ ದಿನ: 14 ನಿಮಿಷಕ್ಕೆ ನಿಂತೆ' ಅನ್ನೋ ಸಾಲು ಅದರಲ್ಲಿ ಹಾಗೇ ಇತ್ತು, ಈಗಲೂ ಇದೆ.

75 ಹಾರ್ಡ್‌ನಿಂದ ನನ್ನ ಜೊತೆ ಉಳಿದದ್ದು ರಾತ್ರಿಯ ಹತ್ತು ಪುಟ. ಬಾಟಲಿಯನ್ನು ಅಮ್ಮ ತುಳಸಿ ಗಿಡಕ್ಕೆ ನೀರು ಹಾಕೋಕೆ ಇಟ್ಟುಕೊಂಡಿದ್ದಾರೆ.