ಐಸಿ ಬಿಚ್ಚಲು ಯಾವ ಲೋಹ: ವುಡ್ಸ್, ರೋಸ್, ಫೀಲ್ಡ್ಸ್?

ಬೋರ್ಡಿನಿಂದ ಐಸಿ (ಎಲೆಕ್ಟ್ರಾನಿಕ್ ಚಿಪ್ಪು) ಬಿಚ್ಚುವಾಗ ಒಂದು ಕಾಲಿನ ಬೆಸುಗೆ ಕರಗಿಸುವಷ್ಟರಲ್ಲಿ ಇನ್ನೊಂದರದು ಗಟ್ಟಿಯಾಗಿರುತ್ತದೆ, ಅಲ್ವಾ? ಸೀಸವಿಲ್ಲದ ಸಾಮಾನ್ಯ ಸೋಲ್ಡರ್ (ಬೆಸುಗೆ ಲೋಹ) ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕೆ ಕಡಿಮೆ ಬಿಸಿಗೇ ಕರಗುವ, ಬಿಸ್ಮತ್ ಇರುವ ಈ ಮೂರು ಲೋಹಗಳಲ್ಲೊಂದನ್ನು ಬೆರೆಸಿದರೆ ಮಿಶ್ರಣ ಜಾಸ್ತಿ ಹೊತ್ತು ನೀರಾಗಿಯೇ ಇರುತ್ತದೆ. ಆಗ ಚಿಪ್ಪನ್ನು ಮೆಲ್ಲಗೆ ಸರಿಸಿದರೆ ಸಾಕು.

ವುಡ್ಸ್ ಮೆಟಲ್ 70 ಡಿಗ್ರಿಗೇ ಕರಗುತ್ತದೆ. ಆದರೆ ಅದರಲ್ಲಿ ಸೀಸದ ಜೊತೆ ಸುಮಾರು 10% ಕ್ಯಾಡ್ಮಿಯಂ ಇದೆ. ಕ್ಯಾಡ್ಮಿಯಂ ಹೊಗೆ ವಿಷ. ಮನೆಯ ಮೇಜಿನ ಮೇಲೆ ಇದು ಬೇಡವೇ ಬೇಡ.

ರೋಸ್ ಮೆಟಲ್‌ನಲ್ಲಿ ಬಿಸ್ಮತ್, ಸೀಸ, ತವರ ಮಾತ್ರ. 94ರಿಂದ 98 ಡಿಗ್ರಿಗೆ ಕರಗುತ್ತದೆ. ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ.

ಫೀಲ್ಡ್ಸ್ ಮೆಟಲ್ ಕರಗುವುದು 62 ಡಿಗ್ರಿಗೆ. ಸೀಸವೂ ಇಲ್ಲ, ಕ್ಯಾಡ್ಮಿಯಂ ಕೂಡ ಇಲ್ಲ. ಅರ್ಧದಷ್ಟು ಇಂಡಿಯಂ, ಹಾಗಾಗಿ ದುಬಾರಿ. ಅಪರೂಪಕ್ಕೆ ರಿಪೇರಿ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದು ಚಿಪ್ಪಿಗೆ ಚೂರು ಸಾಕಾಗುತ್ತದೆ. ದಿನವೂ ಹಳೇ ಬೋರ್ಡ್ ಬಿಚ್ಚುವವರಿಗೆ ರೋಸ್ ಸರಿ.

ಯಾವುದೇ ತಗೊಳ್ಳಿ, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಪೇಸ್ಟ್) ಧಾರಾಳವಾಗಿ ಹಾಕಿ. ಕೊನೆಗೆ ಪ್ಯಾಡ್‌ಗಳನ್ನು (ಕಾಲು ಕೂರುವ ತಾಮ್ರದ ಜಾಗ) ವಿಕ್‌ನಿಂದ (ಕರಗಿದ ಸೋಲ್ಡರ್ ಹೀರುವ ತಾಮ್ರದ ಹೆಣಿಗೆ) ಪೂರ್ತಿ ಒರೆಸಿ, ಹೊಸ ಸೋಲ್ಡರ್ ಹಚ್ಚಿ ಮತ್ತೊಮ್ಮೆ ಒರೆಸಿ. ಬೆರೆಸಿದ ಬಿಸ್ಮತ್ ಲೋಹ ಉಳಿದರೆ ಹೊಸ ಬೆಸುಗೆ ಪೆಡಸಾಗುತ್ತದೆ, ಬಿಸಿಯಾಗುವ ಚಿಪ್ಪಿನ ಕೆಳಗೆ ಕರಗಿಯೂ ಹೋಗಬಹುದು.